ಕ್ಯಾಂಡಿಯ 350 ಡಾಲರ್: ಮುಂಬೈ ಓದುಗರಿಗೊಂದು ಪುಸ್ತಕ ವಿಮರ್ಶೆ

ಅಮೆರಿಕದ ಲೇಖಕ ಜಾನ್ ಸ್ಟೈನ್‌ಬೆಕ್‌ನ ‘ಆಫ್ ಮೈಸ್ ಅಂಡ್ ಮೆನ್’ ಕಾದಂಬರಿಯನ್ನು ಹಿಂದಿನ ರಕ್ಷಾಪುಟ ನೋಡಿ ಕೊಂಡರೆ ಅರ್ಧ ಪುಸ್ತಕ ಮಾತ್ರ ಕೈಗೆ ಬಂದಂತೆ. ಅಲ್ಲಿ ಸಾಮಾನ್ಯವಾಗಿ ಜಾರ್ಜ್ ಮತ್ತು ಮೈಯಲ್ಲಿ ದೈತ್ಯ, ಬುದ್ಧಿಯಲ್ಲಿ ಮಗುವಾದ ಲೆನ್ನಿ ಎಂಬ ಇಬ್ಬರು ಅಲೆಮಾರಿ ಕೂಲಿಗಳ ಗೆಳೆತನದ ಮಾತಿರುತ್ತದೆ. ಅದು ಸರಿಯೇ. ಆದರೆ ಹೋಟೆಲಿನ ಅಟ್ಟದ ಮೇಲೆ ಹತ್ತು ಹನ್ನೆರಡು ಜನ ಸಾಲಾಗಿ ಮಲಗುವ ಜಾಗ ಎಂಥದೆಂದು ತಿಳಿದಿರುವ ಮುಂಬೈ ಕನ್ನಡಿಗರು ಇದನ್ನು ಓದುವಾಗ ಕಣ್ಣು ಮೂರನೆಯವನೊಬ್ಬನ ಮೇಲೆ ನಿಲ್ಲಬೇಕು. ಎರಡನೆಯ ಭಾಗದಲ್ಲಿ ಬಾಗಿಲಿನ ಮರದ ಅಗಳಿ ಮೇಲೇಳುತ್ತದೆ, ಬೆನ್ನು ಬಾಗಿದ ಎತ್ತರದ ಮುದುಕನೊಬ್ಬ ಎಡಗೈಯಲ್ಲಿ ದೊಡ್ಡ ಪೊರಕೆ ಹಿಡಿದು ಒಳಗೆ ಬರುತ್ತಾನೆ. ಹೊಸಬರಿಗೆ ಮಲಗುವ ಜಾಗ ತೋರಿಸಲು ಬಲತೋಳು ಚಾಚಿದಾಗ ತೋಳಿನಂಗಿಯಿಂದ ಹೊರಬರುವುದು ಕೋಲಿನಂಥ ಮಣಿಕಟ್ಟು ಮಾತ್ರ, ಹಸ್ತವಿಲ್ಲ. ಅವನೇ ಕ್ಯಾಂಡಿ. ಈ ವಿಮರ್ಶೆ ಅವನ ಕಡೆಯಿಂದ ಬರೆದದ್ದು.

ಮೊದಲು ಪುಸ್ತಕದ ಅಳತೆ. ಅಚ್ಚಾದದ್ದು 1937ರ ಫೆಬ್ರವರಿಯಲ್ಲಿ. ಸುಮಾರು 30,000 ಪದ, ಆರು ಭಾಗ. ಭಾಗಗಳಿಗೆ ಹೆಸರಿಲ್ಲ, ಕೆಲವು ಮುದ್ರಣಗಳಲ್ಲಿ ಸಂಖ್ಯೆಯೂ ಇಲ್ಲ. ಹೊಸ ಪುಟದಿಂದ ಶುರುವಾಗುವುದೇ ಗುರುತು. ಮನಸ್ಸಿನಲ್ಲೇ ಓದಿಕೊಂಡರೆ ಎರಡೂವರೆ ಗಂಟೆ, ಅಂದರೆ ಡೊಂಬಿವಲಿಯಿಂದ ಸಿಎಸ್‌ಎಂಟಿಗೆ ಸ್ಲೋ ಲೋಕಲ್‌ನಲ್ಲಿ ಒಮ್ಮೆ ಹೋಗಿಬರುವಷ್ಟು ಹೊತ್ತು. ಗಟ್ಟಿಯಾಗಿ ಓದಿದರೆ ಮೂರೂವರೆ ಗಂಟೆ ಹಿಡಿಯುತ್ತದೆ. ಕಥೆ ನಡೆಯುವ ಜಾಗಗಳು ನಾಲ್ಕೇ: ನದಿಯ ದಂಡೆ, ಕೂಲಿಗಳು ಮಲಗುವ ಮನೆ, ಕುದುರೆ ಸಾಮಾನಿನ ಕೋಣೆ, ಒಣಹುಲ್ಲಿನ ಕೊಟ್ಟಿಗೆ. ಅವಧಿ ಗುರುವಾರ ಸಂಜೆಯಿಂದ ಭಾನುವಾರ ಸಂಜೆಯವರೆಗೆ. ಊರು ಕ್ಯಾಲಿಫೋರ್ನಿಯಾದ ಸೊಲೆಡಾಡ್ ಬಳಿಯ ಒಂದು ದೊಡ್ಡ ರ‍್ಯಾಂಚು, ಬಾರ್ಲಿ ಸುಗ್ಗಿಯ ಕಾಲ. ಸೊಲೆಡಾಡ್ ಎಂದರೆ ಸ್ಪ್ಯಾನಿಷ್ ಭಾಷೆಯಲ್ಲಿ ಒಂಟಿತನ. ರಂಗದ ಮೇಲೆ ತರಲು ಹೇಳಿ ಮಾಡಿಸಿದಂತಿದೆ. ಅದೇ ವರ್ಷದ ನವೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ನಾಟಕವಾಗಿಯೂ ಬಂತು.

ಕೂಲಿಗಳ ಮನೆಯ ವರ್ಣನೆ ಒಂದೇ ಪ್ಯಾರಾ, ಆದರೆ ಅಲ್ಲಿ ಓಡಬಾರದು. ಎಂಟು ಮಂಚ, ಐದರ ಮೇಲೆ ಕಂಬಳಿ, ಉಳಿದ ಮೂರು ಬರೀ ಗೋಣಿಬಟ್ಟೆಯ ಹಾಸು. ಪ್ರತಿ ಮಂಚದ ಮೇಲೂ ಗೋಡೆಗೆ ಹೊಡೆದ ಒಂದು ಸೇಬಿನ ಪೆಟ್ಟಿಗೆ, ಬಾಯಿ ಮುಂದಕ್ಕೆ. ಎರಡು ಅಂತಸ್ತಿನ ಕಪಾಟು ಅದೇ. ಸೋಪು, ಕ್ಷೌರದ ಸಾಮಾನು, ಹಳೆಯ ಪತ್ರಿಕೆ, ಔಷಧಿ ಎಲ್ಲ ಅದರಲ್ಲೇ. ಒಬ್ಬ ಮನುಷ್ಯನ ಸಂಸಾರ ಒಂದು ಸೇಬಿನ ಪೆಟ್ಟಿಗೆಯಲ್ಲಿ ಹಿಡಿಸುತ್ತದೆ ಎನ್ನುವುದನ್ನು ಲೇಖಕ ಬಾಯಿಬಿಟ್ಟು ಹೇಳುವುದಿಲ್ಲ. ಮುಂಬೈಯ ಹೋಟೆಲ್ ರೂಮಿನಲ್ಲಿ ಒಬ್ಬೊಬ್ಬರಿಗೆ ಒಂದು ಮೊಳೆ, ಒಂದು ತಗಡಿನ ಟ್ರಂಕು ಎಂದು ಲೆಕ್ಕ ಹಾಕಿದವರಿಗೆ ಆ ಪೆಟ್ಟಿಗೆ ತಟ್ಟನೆ ಕಾಣುತ್ತದೆ.

ಇನ್ನು ಕ್ಯಾಂಡಿಯ ಕೆಲಸ. ಅವನು ಆ ಮನೆಯನ್ನು ಗುಡಿಸಿ ಒರೆಸುವವನು. ಈ ರ‍್ಯಾಂಚಿನಲ್ಲೇ ನಾಲ್ಕು ವರ್ಷದ ಹಿಂದೆ ಕೈ ಹೋಯಿತು, ಮಾಲೀಕ ಅವನನ್ನು ಹೊರಗೆ ಹಾಕದೆ ಪೊರಕೆ ಕೊಟ್ಟ. ಇದನ್ನು ದಯೆ ಎಂದು ಓದಿ ಮುಂದೆ ಹೋಗುವುದು ಮೊದಲ ತಪ್ಪು. ಕ್ಯಾಂಡಿ ಅದನ್ನು ದಯೆ ಎಂದುಕೊಂಡಿಲ್ಲ, ಗಡುವು ಎಂದುಕೊಂಡಿದ್ದಾನೆ. ಪೊರಕೆ ಹಿಡಿಯಲಾಗದ ದಿನ ಲೆಕ್ಕ ಕೊಟ್ಟು ಕಳಿಸುತ್ತಾರೆ, ಆಮೇಲೆ ಜಿಲ್ಲೆಯ ಅನ್ನಕ್ಕೆ ಕೈಯೊಡ್ಡಬೇಕು ಎಂದು ಅವನಿಗೆ ಖಚಿತವಾಗಿ ಗೊತ್ತು. ಈ ಹೆದರಿಕೆಗೆ ಹಿನ್ನೆಲೆ ತಿಳಿದಿರಬೇಕು. ಅಮೆರಿಕದ ಸೋಷಿಯಲ್ ಸೆಕ್ಯುರಿಟಿ ಕಾಯ್ದೆಗೆ ಸಹಿ ಬಿದ್ದದ್ದು 1935ರ ಆಗಸ್ಟ್ 14ರಂದು. ಮುದುಕರ ತಿಂಗಳ ಪಿಂಚಣಿ ಕೈಗೆ ಬರತೊಡಗಿದ್ದು 1940ರ ಜನವರಿಯಲ್ಲಿ. ಅದರಲ್ಲೂ ಹೊಲದ ಕೂಲಿಗಳನ್ನು ಮೊದಲಿಗೆ ಹೊರಗೇ ಇಟ್ಟಿದ್ದರು. ಹೀಗಾಗಿ ಕ್ಯಾಂಡಿಯ ಮಾತು ಮುದುಕನೊಬ್ಬನ ಗೊಣಗಾಟವಲ್ಲ. ಅವನ ಕಾಲದ ಕಾನೂನು ಇದ್ದದ್ದು ಹಾಗೇ.

ಈಗ ದುಡ್ಡಿನ ಲೆಕ್ಕ. ಇಡೀ ಪುಸ್ತಕದ ಗಟ್ಟಿ ಜಾಗ ಇದು, ಹೆಚ್ಚಿನ ಓದುಗರು ಕಣ್ಣಾಡಿಸಿ ದಾಟುವ ಜಾಗವೂ ಇದೇ. ಮೂರನೆಯ ಭಾಗ ಓದುವಾಗ ಪಕ್ಕದಲ್ಲಿ ಒಂದು ಕಾಗದ, ಪೆನ್ಸಿಲ್ ಇಟ್ಟುಕೊಳ್ಳಿ. ಜಾರ್ಜ್ ಮತ್ತು ಲೆನ್ನಿ ಕೊಳ್ಳಬೇಕೆಂದಿರುವ ಪುಟ್ಟ ಜಮೀನು ಹತ್ತು ಎಕರೆ, ಬೆಲೆ 600 ಡಾಲರ್. ಮಾರುವವರು ವಯಸ್ಸಾದ ದಂಪತಿ, ಕೈ ಖಾಲಿ, ಹೆಂಗಸಿಗೆ ಆಪರೇಷನ್ ಆಗಬೇಕು. ಅದಕ್ಕೇ ಅಷ್ಟು ಅಗ್ಗ. ಒಬ್ಬ ಕೂಲಿಯ ತಿಂಗಳ ಪಗಾರ 50 ಡಾಲರ್. ಇಬ್ಬರ ಜೇಬಿನಲ್ಲಿ ಆ ಹೊತ್ತಿಗೆ ಇರುವುದು ಹತ್ತು ಡಾಲರ್. ಆ ಕನಸನ್ನು ಅವರು ಎಷ್ಟೋ ಕಾಲದಿಂದ ಹಾಡಿನ ಹಾಗೆ ಹೇಳಿಕೊಳ್ಳುತ್ತ ಬಂದಿದ್ದಾರೆ. ಹತ್ತು ಡಾಲರಿನಿಂದ 600ಕ್ಕೆ ದಾರಿ ಇಲ್ಲ ಎಂದು ಜಾರ್ಜ್‌ಗಾದರೂ ಗೊತ್ತು.

ಮಂಚದ ಮೇಲೆ ಗೋಡೆಗೆ ಮುಖಮಾಡಿ ಮಲಗಿದ್ದ ಮುದುಕ ಆಗ ಈಚೆಗೆ ತಿರುಗುತ್ತಾನೆ. ಕೈ ಹೋದದ್ದಕ್ಕೆ ಸಿಕ್ಕ 250, ಬ್ಯಾಂಕಿನಲ್ಲಿ ಉಳಿಸಿದ 50, ಒಟ್ಟು 300. ತಿಂಗಳ ಕೊನೆಗೆ ಬರುವ ಪಗಾರ ಸೇರಿದರೆ 350. ಇದನ್ನು ಹಾಕುತ್ತೇನೆ, ನನ್ನನ್ನೂ ಸೇರಿಸಿಕೊಳ್ಳಿ ಎನ್ನುತ್ತಾನೆ. ಜಾರ್ಜ್ ಕೂಡಿಸುತ್ತಾನೆ: ಇವರಿಬ್ಬರೂ ತಿಂಗಳಿಡೀ ಏನೂ ಖರ್ಚು ಮಾಡದೆ ದುಡಿದರೆ 100, ಒಟ್ಟು 450. ಮಿಕ್ಕ 150ನ್ನು ಜಾರ್ಜ್ ಬೇರೆ ಕೆಲಸ ಹಿಡಿದು ತುಂಬುವುದು. ಅಷ್ಟರಲ್ಲಿ ಕ್ಯಾಂಡಿ ಮತ್ತು ಲೆನ್ನಿ ಅಲ್ಲಿಗೆ ಹೋಗಿ ಜಮೀನು ಹಿಡಿಯುವುದು. ವ್ಯವಹಾರ ಕುದುರಿಸಲು ಆ ಮುದುಕರಿಗೆ 100 ಡಾಲರ್ ಸಂಚಕಾರ ಕಳಿಸುವುದೆಂದೂ ಮಾತಾಗುತ್ತದೆ. ಆ ನೂರು ಯಾರದು? ಕ್ಯಾಂಡಿಯದು. ಕನಸಿಗೆ ಬೇಕಾದ 600ರಲ್ಲಿ 350, ನೂರಕ್ಕೆ 58 ಪಾಲು, ಕೈ ಕಳೆದುಕೊಂಡ ಮುದುಕನಿಂದ ಬರುತ್ತಿದೆ. ಕಾದಂಬರಿಯ ನಾಯಕ ಜಾರ್ಜ್ ಎನ್ನಿ, ಲೆನ್ನಿ ಎನ್ನಿ. ಬಂಡವಾಳ ಹೂಡಿದವನು ಕ್ಯಾಂಡಿ.

ಅವನು ಮುಂದಿಡುವ ಷರತ್ತು ನೋಡಿದರೆ ಕರುಳು ಕಿವುಚುತ್ತದೆ. ಅಡುಗೆ ಮಾಡುತ್ತೇನೆ, ಕೋಳಿ ನೋಡಿಕೊಳ್ಳುತ್ತೇನೆ, ತೋಟದಲ್ಲಿ ಸ್ವಲ್ಪ ಕಳೆ ಕೀಳುತ್ತೇನೆ ಎಂದು ಒಂದೊಂದಾಗಿ ಎಣಿಸುತ್ತಾನೆ. ಸತ್ತ ಮೇಲೆ ನನ್ನ ಪಾಲು ನಿಮಗೇ ಸೇರುವ ಹಾಗೆ ಉಯಿಲು ಬರೆದಿಡುತ್ತೇನೆ, ನನಗೆ ಬಂಧುಬಳಗ ಯಾರೂ ಇಲ್ಲ ಎನ್ನುತ್ತಾನೆ. ಅರ್ಧಕ್ಕಿಂತ ಹೆಚ್ಚು ದುಡ್ಡು ಹಾಕುವವನು ಮನೆಯ ಆಳಿನ ಜಾಗ ಕೇಳಿಕೊಳ್ಳುತ್ತಿದ್ದಾನೆ. ಒಬ್ಬ ಮನುಷ್ಯ ತನ್ನ ಬೆಲೆಯನ್ನು ತಾನೇ ಎಷ್ಟು ಕೆಳಗಿಳಿಸಿಕೊಂಡಿದ್ದಾನೆ ಎಂದು ತೋರಿಸಲು ಇದಕ್ಕಿಂತ ಚಿಕ್ಕ ದಾರಿ ಯಾವ ಕಾದಂಬರಿಕಾರನಿಗೂ ಸಿಕ್ಕಲಾರದು.

250 ಡಾಲರ್ ಎಂದರೆ ಅವನ ಐದು ತಿಂಗಳ ಪಗಾರ. ಒಂದು ಬಲಗೈಗೆ ಐದು ತಿಂಗಳು. ಇದನ್ನು ಇಲ್ಲಿನ ಅಳತೆಗೋಲಿಗೆ ಹಚ್ಚಿ ನೋಡಿದರೆ ಆ ಸಂಖ್ಯೆ ಎಷ್ಟು ಚಿಕ್ಕದೆಂದು ತಿಳಿಯುತ್ತದೆ. ಕೂಲಿ ಕಾರ್ಮಿಕರ ಜೊತೆ ಕುಳಿತು ಓದುವ ಕಡೆ ಈ ಪ್ರಶ್ನೆ ಬಂದೇ ಬರುತ್ತದೆ, ಆದ್ದರಿಂದ ಉತ್ತರ ಕೈಯಲ್ಲಿರಲಿ. ನಮ್ಮ 1923ರ ನೌಕರರ ಪರಿಹಾರ ಕಾಯ್ದೆಯ ಪಟ್ಟಿಯಲ್ಲಿ ಒಂದು ಹಸ್ತ ಹೋದರೆ ದುಡಿಮೆಯ ಶಕ್ತಿಯ ನಷ್ಟ ನೂರಕ್ಕೆ 60. ಪೂರ್ತಿ ಅಂಗವಿಕಲತೆಯ ಸೂತ್ರ: ತಿಂಗಳ ಪಗಾರದ ನೂರಕ್ಕೆ 60 ಭಾಗವನ್ನು ವಯಸ್ಸಿನ ಗುಣಕದಿಂದ ಗುಣಿಸಬೇಕು. ಪಗಾರ ಎಷ್ಟೇ ಇರಲಿ, ಲೆಕ್ಕಕ್ಕೆ ಹಿಡಿಯುವ ಮಿತಿ 2020ರ ಜನವರಿಯಲ್ಲಿ 15,000 ರೂಪಾಯಿಗೆ ಏರಿತು. 60 ವರ್ಷದವನ ಗುಣಕ 117.41. ಅಂದರೆ 9,000ವನ್ನು 117.41ರಿಂದ ಗುಣಿಸಿ, ಬಂದದ್ದರಲ್ಲಿ ನೂರಕ್ಕೆ 60 ಹಿಡಿದರೆ 6,34,014 ರೂಪಾಯಿ, ಸುಮಾರು 42 ತಿಂಗಳ ಪಗಾರ. ಅದೇ ಕೈ 30 ವರ್ಷದವನದಾದರೆ ಗುಣಕ 207.98, ಮೊತ್ತ 11,23,092. ಕೈ ಒಂದೇ, ಕಳೆದ ಅಂಗ ಒಂದೇ, ಮುದುಕನಿಗೆ ಹೆಚ್ಚುಕಡಿಮೆ ಅರ್ಧ. ದುಡಿಯಲು ಉಳಿದಿದ್ದ ವರ್ಷಗಳಿಗೆ ಬೆಲೆ ಕಟ್ಟುವುದರಿಂದ ಹೀಗಾಗುತ್ತದೆ. ಆ ಕಾಯ್ದೆ ಈಗ ಸಾಮಾಜಿಕ ಭದ್ರತೆಯ ಸಂಹಿತೆಯೊಳಗೆ ಸೇರಿದೆ, ನಿಜವಾಗಿ ಅರ್ಜಿ ಹಾಕುವವರು ಹೊಸ ನಿಯಮಗಳನ್ನು ನೋಡಿಕೊಳ್ಳಬೇಕು. ಹಳೆಯ ಕಾಯ್ದೆಯಲ್ಲಿ ಅಪಘಾತದಿಂದ ಎರಡು ವರ್ಷದೊಳಗೆ ಅರ್ಜಿ ಕೊಡಬೇಕಿತ್ತು. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದಿರುವುದು, ಆಸ್ಪತ್ರೆಯ ಕಾಗದದಲ್ಲಿ ಕೆಲಸದ ಜಾಗದಲ್ಲೇ ಪೆಟ್ಟಾಯಿತೆಂದು ಬರೆಸದಿರುವುದು, ಕೂಲಿಗಳನ್ನು ಕರೆತರುವ ಮುಕಾದಮನೇ ಯಜಮಾನ ಎಂದುಕೊಂಡು ಅವನ ಮೇಲಿನ ಮೂಲ ಮಾಲೀಕನನ್ನು ಬಿಟ್ಟುಬಿಡುವುದು: ಪರಿಹಾರ ಕೈತಪ್ಪುವುದು ಹೆಚ್ಚಾಗಿ ಈ ಮೂರು ಕಡೆ. ಗುತ್ತಿಗೆದಾರನ ಆಳಿಗೂ ಮೂಲ ಮಾಲೀಕನೇ ಹೊಣೆ ಎಂದು ಕಾಯ್ದೆಯ 12ನೆಯ ಕಲಮು ಹೇಳುತ್ತಿತ್ತು.

ಇನ್ನೆರಡು ಸಂಖ್ಯೆ ಹೇಳಿಬಿಡುವುದು ಒಳ್ಳೆಯದು. ಪ್ರಧಾನಮಂತ್ರಿ ಸುರಕ್ಷಾ ಬಿಮಾಕ್ಕೆ ವರ್ಷಕ್ಕೆ 20 ರೂಪಾಯಿ, 18ರಿಂದ 70 ವರ್ಷದವರೆಗೆ. ಅಪಘಾತದಲ್ಲಿ ಒಂದು ಕೈ ಹೋದರೆ 1 ಲಕ್ಷ. ಕಂತು ಖಾತೆಯಿಂದ ತಾನಾಗಿ ಕಡಿತವಾಗುವ ಹೊತ್ತಿಗೆ, ಅಂದರೆ ಮೇ ಕೊನೆಗೆ, ಖಾತೆಯಲ್ಲಿ 20 ರೂಪಾಯಿ ಇಲ್ಲದಿದ್ದರೆ ವಿಮೆ ನಿಂತುಹೋಗುತ್ತದೆ. ಶ್ರಮಯೋಗಿ ಮಾನ್‌ಧನ್ ಪಿಂಚಣಿ 60 ದಾಟಿದ ಮೇಲೆ ತಿಂಗಳಿಗೆ 3,000 ಕೊಡುತ್ತದೆ. ಸೇರಲು ಮಾತ್ರ ವಯಸ್ಸು 18ರಿಂದ 40ರೊಳಗಿರಬೇಕು. ಕ್ಯಾಂಡಿಯಂಥವನಿಗೆ ಬಾಗಿಲು ಇಪ್ಪತ್ತು ವರ್ಷ ಮೊದಲೇ ಮುಚ್ಚಿರುತ್ತದೆ.

ನಾಯಿಯ ಪ್ರಸಂಗಕ್ಕೆ ಬರೋಣ. ಶುಕ್ರವಾರ ರಾತ್ರಿ, ಅದೇ ಕೂಲಿಗಳ ಮನೆ. ಕ್ಯಾಂಡಿಯ ಕುರಿನಾಯಿಗೆ ಹಲ್ಲಿಲ್ಲ, ಕಣ್ಣು ಕಾಣುವುದಿಲ್ಲ, ಸಂಧಿವಾತದಿಂದ ಕಾಲು ಎಳೆಯುತ್ತದೆ, ಮೈ ವಾಸನೆ. ಕಾರ್ಲ್‌ಸನ್ ಎಂಬ ಕೂಲಿ ಅದನ್ನು ಕೊಂದುಬಿಡೋಣ ಎನ್ನುತ್ತಾನೆ. ಮುದುಕ ಒಂದೊಂದೇ ನೆಪ ಹೇಳುತ್ತಾನೆ: ಮರಿಯಿಂದ ಸಾಕಿದ್ದು, ಇದನ್ನು ಕಟ್ಟಿಕೊಂಡು ಕುರಿ ಕಾದದ್ದು, ನಾಳೆ ನೋಡೋಣ. ಪ್ರತಿ ನೆಪಕ್ಕೂ ಕಾರ್ಲ್‌ಸನ್ ಬಳಿ ನಯವಾದ ಉತ್ತರವಿದೆ. ತಲೆಯ ಹಿಂದೆ ಎಲ್ಲಿ ಗುಂಡು ಹೊಡೆದರೆ ನೋವೇ ಆಗುವುದಿಲ್ಲ ಎಂದು ಕಾಲಿನ ತುದಿಯಿಂದ ತೋರಿಸುವಷ್ಟು ನಯ. ಕ್ಯಾಂಡಿ ಒಬ್ಬೊಬ್ಬರ ಮುಖ ನೋಡುತ್ತಾನೆ. ಎಲ್ಲರೂ ಮರ್ಯಾದೆ ಕೊಡುವ ಸ್ಲಿಮ್ ಕೂಡ ಕಾರ್ಲ್‌ಸನ್ ಹೇಳುವುದೇ ಸರಿ ಎನ್ನುತ್ತಾನೆ, ಮುದಿಯಾಗಿ ಕೈಲಾಗದವನಾದರೆ ತನ್ನನ್ನೂ ಯಾರಾದರೂ ಗುಂಡಿಟ್ಟು ಮುಗಿಸಲಿ ಎನ್ನುತ್ತಾನೆ. ಆ ಮಾತು ನಾಯಿಯ ಕುರಿತು ಎಂದು ಎಲ್ಲರೂ ಅಂದುಕೊಂಡಿದ್ದಾರೆ. ಅದೇ ಕೋಣೆಯಲ್ಲಿ ಕೈಯಿಲ್ಲದ ಮುದುಕನೊಬ್ಬ ಕೂತಿದ್ದಾನೆ ಎಂಬುದು ಯಾರ ನೆನಪಿಗೂ ಬರುವುದಿಲ್ಲ. ಸಲಿಕೆ ಒಯ್ಯಿ ಎಂದು ಸ್ಲಿಮ್ ಕಾರ್ಲ್‌ಸನ್‌ಗೆ ಚುಟುಕಾಗಿ ಹೇಳುತ್ತಾನೆ. ಆಮೇಲೆ ಕಾಯುವಿಕೆ. ಇಸ್ಪೀಟಿನ ಎಲೆಗಳ ಸದ್ದು, ನೆಲದ ಹಲಗೆಯಡಿ ಏನೋ ಕೊರೆಯುವ ಸದ್ದು, ಯಾರೋ ಶುರು ಮಾಡಿ ನಿಲ್ಲಿಸುವ ಮಾತು. ಕೊನೆಗೆ ದೂರದಲ್ಲಿ ಒಂದು ಗುಂಡು. ಮುದುಕ ನಿಧಾನಕ್ಕೆ ಗೋಡೆಯ ಕಡೆ ತಿರುಗುತ್ತಾನೆ.

ಗುಂಪಿನಲ್ಲಿ ಓದುವಾಗ ಕೆಡುವುದು ಇಲ್ಲಿಯೇ. ಓದುವವರು ಗುಂಡಿನ ಸದ್ದಿಗೆ ಬೇಗ ತಲುಪಬೇಕೆಂದು ನಡುವಿನ ಮೌನವನ್ನು ಓಡಿಸಿಬಿಡುತ್ತಾರೆ. ಲೇಖಕ ಆ ಮೌನವನ್ನು ಪದೇಪದೇ ಹೆಸರಿಸಿ ಬರೆದಿದ್ದಾನೆ, ಅದು ಕೋಣೆಯೊಳಗೆ ಬಂದು ಕೂತ ಇನ್ನೊಬ್ಬ ಕೂಲಿಯ ಹಾಗೆ. ಪ್ರತಿ ಸಲ ಆ ಪದ ಬಂದಾಗ ಒಂದು ಉಸಿರು ನಿಲ್ಲಿ. ಇನ್ನೊಂದು ಸೂಕ್ಷ್ಮ: ನಾಯಿ ಹೋಗುವುದೂ ಕ್ಯಾಂಡಿ 350 ಡಾಲರ್ ಮುಂದಿಡುವುದೂ ಒಂದೇ ರಾತ್ರಿ, ಒಂದೇ ಭಾಗದಲ್ಲಿ. ಮೊದಲನೆಯದು ನಡೆಯದಿದ್ದರೆ ಎರಡನೆಯದು ನಡೆಯುತ್ತಿರಲಿಲ್ಲ. ನನ್ನ ನಾಯಿಗೆ ಏನು ಮಾಡಿದರು ನೋಡಿದಿರಲ್ಲ ಎಂದು ಅವನೇ ಜಾರ್ಜ್‌ಗೆ ಹೇಳುತ್ತಾನೆ. ಆ ನಾಯಿಯನ್ನು ನಾನೇ ಕೊಲ್ಲಬೇಕಿತ್ತು, ಪರರ ಕೈಗೆ ಕೊಡಬಾರದಿತ್ತು ಎಂಬ ಅವನ ಪಶ್ಚಾತ್ತಾಪ ಆಮೇಲೆ ಬರುತ್ತದೆ; ಕೊನೆಯ ಭಾಗದಲ್ಲಿ ಜಾರ್ಜ್ ಲೆನ್ನಿಯನ್ನು ತಾನೇ ಗುಂಡಿಟ್ಟು ಕೊಲ್ಲುವುದಕ್ಕೆ ದಾರಿ ತೋರಿಸುವುದು ಈ ಒಂದು ಮಾತೇ. ಬಂದೂಕೂ ಅದೇ, ಕಾರ್ಲ್‌ಸನ್‌ನ ಲ್ಯೂಗರ್ ಪಿಸ್ತೂಲು.

ನಾಲ್ಕನೆಯ ಭಾಗದಲ್ಲಿ, ಶನಿವಾರ ರಾತ್ರಿ, ಕ್ಯಾಂಡಿ ಬೇರೆಯೇ ಮನುಷ್ಯ. ಮೊಲ ಸಾಕಿದರೆ ಎಷ್ಟು ಗಿಟ್ಟುತ್ತದೆ ಎಂದು ದಿನವಿಡೀ ಲೆಕ್ಕ ಹಾಕಿದ್ದಾನೆ. ಕುದುರೆ ನೋಡಿಕೊಳ್ಳುವ ಕಪ್ಪು ಜನಾಂಗದ ಕ್ರುಕ್ಸ್‌ನ ಕೋಣೆಗೆ ಬರುತ್ತಾನೆ. ಇಬ್ಬರೂ ಎಷ್ಟೋ ವರ್ಷಗಳಿಂದ ಅದೇ ರ‍್ಯಾಂಚಿನಲ್ಲಿದ್ದರೂ ಕ್ಯಾಂಡಿ ಆ ಹೊಸಿಲು ದಾಟಿದ್ದು ಇದೇ ಮೊದಲು. ಕ್ರುಕ್ಸ್‌ನ ಬೆನ್ನು ಕುದುರೆ ಒದ್ದು ಮುರಿದದ್ದು. ಅವನಿಗೆ ಕೂಲಿಗಳ ಮನೆಯೊಳಗೆ ಪ್ರವೇಶವಿಲ್ಲ. ಅವನ ಪುಸ್ತಕಗಳ ನಡುವೆ ಕ್ಯಾಲಿಫೋರ್ನಿಯಾ ಸಿವಿಲ್ ಕೋಡ್‌ನ 1905ರ ಪ್ರತಿಯೊಂದಿದೆ, ತಿರುವಿ ತಿರುವಿ ಹಣ್ಣಾದದ್ದು. ಕೈ ಕಳೆದುಕೊಂಡವನಿಂದ ನಾಲ್ಕು ಹೆಜ್ಜೆ ದೂರದಲ್ಲಿ ಕಾನೂನು ಪುಸ್ತಕ ಇತ್ತು, ನಡುವೆ ಬಣ್ಣದ ಗೋಡೆ. ಈ ವಿವರವನ್ನು ಶಾಲಾ ಮಾರ್ಗದರ್ಶಿಗಳು ಕ್ರುಕ್ಸ್‌ನ ಸ್ವಾಭಿಮಾನದ ಗುರುತು ಎಂದು ಮುಗಿಸುತ್ತವೆ. ಕ್ಯಾಂಡಿಯ ಪಕ್ಕಕ್ಕಿಟ್ಟು ನೋಡಿದರೆ ಅದರ ತೂಕ ಇನ್ನೂ ಹೆಚ್ಚು.

ಶುಕ್ರವಾರ ರಾತ್ರಿ ಹುಟ್ಟಿದ ಆಸೆ ಭಾನುವಾರ ಮಧ್ಯಾಹ್ನಕ್ಕೆ ಮುಗಿಯುತ್ತದೆ. ಎರಡು ದಿನವೂ ತುಂಬಲಿಲ್ಲ. ಮಾಲೀಕನ ಮಗ ಕರ್ಲಿಯ ಹೆಂಡತಿ ಕೊಟ್ಟಿಗೆಯಲ್ಲಿ ಲೆನ್ನಿಯ ಕೈಯಲ್ಲಿ, ಅವನು ಬೇಕೆಂದು ಮಾಡದೆಯೇ, ಸಾಯುತ್ತಾಳೆ; ಅವಳ ಹೆಣವನ್ನು ಮೊದಲು ನೋಡುವವನೂ ಕ್ಯಾಂಡಿಯೇ. ಜಾರ್ಜ್‌ನನ್ನು ಕರೆತಂದು, ನಾವಿಬ್ಬರಾದರೂ ಆ ಜಮೀನು ಕೊಳ್ಳಬಹುದಲ್ಲ ಎಂದು ಕೇಳುತ್ತಾನೆ. ಉತ್ತರ ಬರುವ ಮೊದಲೇ ತಲೆ ತಗ್ಗಿಸುತ್ತಾನೆ, ಗೊತ್ತಾಗಿದೆ.

ಇಲ್ಲಿ ಓದುಗರು ಜಾಗ್ರತೆಯಿಂದಿರಬೇಕು. ಜಾರ್ಜ್ ಹೊರಗೆ ಹೋದ ಮೇಲೆ ಈ ಮುದುಕ ಸತ್ತ ಹುಡುಗಿಯ ಹೆಣಕ್ಕೆ ಬೈಯುತ್ತಾನೆ, ಎಲ್ಲ ಹಾಳು ಮಾಡಿದ್ದು ನೀನೇ ಎಂದು. ಅವಳಿಗೆ ಇಡೀ ಪುಸ್ತಕದಲ್ಲಿ ಹೆಸರೇ ಇಲ್ಲ. ಕ್ಯಾಂಡಿಯನ್ನು ಬರೀ ಅಯ್ಯೋ ಪಾಪದ ಮುದುಕ ಮಾಡಿಕೊಂಡವರಿಗೆ ಈ ಪುಟ ಅರಗುವುದಿಲ್ಲ, ಕೆಲವರು ಬಿಟ್ಟೇ ಓದುತ್ತಾರೆ. ಬಿಡಬಾರದು. ಹೊಸದಾಗಿ ಬಂದವರಿಗೆ ಅವಳ ಬಗ್ಗೆ ಮೊದಲ ಚಾಡಿ ಹೇಳಿದವನೂ ಇವನೇ, ಎರಡನೆಯ ಭಾಗದಲ್ಲಿ. ಸುದ್ದಿ ಹಂಚಿ ಜಾಗ ಉಳಿಸಿಕೊಳ್ಳುವುದು ಬಲಹೀನನ ಉಪಾಯ. ಅದರ ಪೆಟ್ಟು ಇನ್ನೂ ಬಲಹೀನರಾದವರಿಗೆ ತಾಗುತ್ತದೆ. ಸ್ಟೈನ್‌ಬೆಕ್ ಇದನ್ನು ಬಚ್ಚಿಟ್ಟಿಲ್ಲ, ಅದಕ್ಕಾಗಿಯೇ ಕ್ಯಾಂಡಿ ನಂಬುವಂಥ ಮನುಷ್ಯನಾಗಿದ್ದಾನೆ.

ಪುಸ್ತಕದ ಕೊರತೆಗಳೂ ಇವೆ. ನಾಯಿಯ ಸಾವಿಗೂ ಲೆನ್ನಿಯ ಸಾವಿಗೂ ಹೊಂದಿಸಿದ ಜೋಡಿ ಅತಿ ಸ್ಪಷ್ಟ. ಎರಡನೆಯ ಓದಿನಲ್ಲಿ ಬಡಗಿಯ ಗುರುತುಗೆರೆ ಕಾಣುತ್ತದೆ. ಕೊನೆಯ ಭಾಗದಲ್ಲಿ ಕ್ಯಾಂಡಿ ಕಾಣಿಸಿಕೊಳ್ಳುವುದೇ ಇಲ್ಲ. ಐದನೆಯದರ ಕೊನೆಗೆ ಹುಲ್ಲಿನ ಮೇಲೆ ಮಲಗಿ ತೋಳಿನಿಂದ ಕಣ್ಣು ಮುಚ್ಚಿಕೊಳ್ಳುತ್ತಾನೆ, ಅಷ್ಟೇ. ಅವನ 350 ಏನಾಯಿತು, ಸಂಚಕಾರದ ಕಾಗದ ಹೋಗಿತ್ತೇ, ಸೋಮವಾರ ಬೆಳಿಗ್ಗೆ ಅವನು ಪೊರಕೆ ಹಿಡಿದನೇ, ಯಾವುದಕ್ಕೂ ಉತ್ತರವಿಲ್ಲ. ಇನ್ನೊಂದು, ನಮಗೆ ಮುಖ್ಯವಾದದ್ದು: ಕ್ಯಾಂಡಿಗೆ ಊರಿಲ್ಲ. ಕುಂದಾಪುರದ ಕಡೆಯಿಂದ ಬಂದ ಹೋಟೆಲ್ ಕ್ಲೀನರ್‌ಗಾಗಲಿ, ಕಲಬುರಗಿ, ವಿಜಯಪುರದ ಕಡೆಯಿಂದ ಬಂದು ನಾಕಾದ ಮೇಲೆ ನಿಲ್ಲುವ ಗಾರೆಯಾಳಿಗಾಗಲಿ ಊರಿದೆ, ಅಣ್ಣತಮ್ಮಂದಿರಿದ್ದಾರೆ, ಜಾತ್ರೆಗೆ ಹೋಗಿಬರುವ ಬಸ್ಸಿದೆ. ಅವರ ಮುಪ್ಪಿನ ಸಂಕಟ ಬೇರೆ ಬಗೆಯದು: ಮೂವತ್ತು ವರ್ಷ ಊರಿಗೆ ದುಡ್ಡು ಕಳಿಸಿದ ಮೇಲೆ ಪಾಲಿನ ಪತ್ರದಲ್ಲಿ ತನ್ನ ಹೆಸರಿದೆಯೇ ಎಂಬುದು. ಕ್ಯಾಂಡಿಯನ್ನು ನೇರವಾಗಿ ಇಲ್ಲಿಗೆ ತಂದು ಕೂರಿಸಲು ಹೋದರೆ ಈ ವ್ಯತ್ಯಾಸ ಮುಚ್ಚಿಹೋಗುತ್ತದೆ. ಅವನನ್ನು ಅವನ ಸೊಲೆಡಾಡಿನಲ್ಲೇ ಬಿಟ್ಟು ಓದಿ.

ಭಾಷೆಯ ತೊಡಕು ದೊಡ್ಡದು. ಮಾತೆಲ್ಲ ಆಡುನುಡಿಯ ಕಾಗುಣಿತದಲ್ಲಿದೆ. ಕನ್ನಡ ಮಾಧ್ಯಮದಲ್ಲಿ ಓದಿದವರು ಮೊಬೈಲ್ ನಿಘಂಟು ಹಿಡಿದು ಕುಳಿತರೆ ಮೋಸಹೋಗುತ್ತಾರೆ. ಕ್ಯಾಂಡಿಯ ಕೆಲಸದ ಹೆಸರು ‘ಸ್ವಾಂಪರ್’. ನಿಘಂಟು ಜೌಗುಭೂಮಿ ತೋರಿಸುತ್ತದೆ. ಗುಡಿಸಿ ಒರೆಸುವವನು ಎಂದು ಓದಿಕೊಳ್ಳಿ. ಇಲ್ಲಿನ ಹೋಟೆಲ್ ಮಾತಿನಲ್ಲಿ ‘ಕ್ಲೀನರ್’ ಸಾಕು. ‘ಕ್ಯಾನ್’ ಎಂದರೆ ಡಬ್ಬಿಯೂ ಅಲ್ಲ, ಸಾಧ್ಯವೂ ಅಲ್ಲ, ಕೆಲಸದಿಂದ ತೆಗೆಯುವುದು. ‘ಲೆಕ್ಕ ಕೊಟ್ಟು ಕಳಿಸು’ ಎಂಬ ಹೋಟೆಲಿನ ನುಡಿಗಟ್ಟು ಸರಿಯಾಗಿ ಕೂರುತ್ತದೆ. ‘ಸ್ಕಿನ್ನರ್’ ಚರ್ಮ ಸುಲಿಯುವವನಲ್ಲ, ಹೇಸರಗತ್ತೆಗಳ ಬಂಡಿ ಹೊಡೆಯುವವನು. ‘ಬಿಂಡಲ್’ ಹೆಗಲ ಮೇಲಿನ ಹಾಸಿಗೆಯ ಗಂಟು. ‘ಸ್ಟೇಕ್’ ಕೂಡಿಟ್ಟ ಹಣ. ಬಾರ್ಲಿ ‘ಬಕ್’ ಮಾಡುವುದೆಂದರೆ ಚೀಲ ಎತ್ತಿ ಹಾಕುವುದು. ‘ಪರ್ಟಿ’ ಎಂದು ಬರೆದದ್ದು ‘ಪ್ರೆಟಿ’, ಅರ್ಥ ಕೆಲವೆಡೆ ಚೆಲುವು, ಕೆಲವೆಡೆ ‘ಬಹಳ’. ಈ ಏಳೆಂಟು ಪದ ಪುಸ್ತಕದ ಒಳಹಾಳೆಯ ಮೇಲೆ ಪೆನ್ಸಿಲಿನಲ್ಲಿ ಬರೆದಿಟ್ಟುಕೊಂಡರೆ ಮುಕ್ಕಾಲು ಕಷ್ಟ ಕಳೆಯಿತು. ಕ್ರುಕ್ಸ್‌ನನ್ನು ಕುರಿತ ಜನಾಂಗ ನಿಂದನೆಯ ಪದಗಳು ಮತ್ತೆ ಮತ್ತೆ ಬರುತ್ತವೆ. ಗಟ್ಟಿಯಾಗಿ ಓದುವ ಮೊದಲು ಅವು ಏಕಿವೆ ಎಂದು ಹೇಳಿಬಿಡಬೇಕು.

ಯಾವ ರೂಪದಲ್ಲಿ ಕೊಳ್ಳುವುದು? ಪೆಂಗ್ವಿನ್ ಮುದ್ರಣ ಸಾಕು, ಟಿಪ್ಪಣಿಗಳ ದಪ್ಪ ಆವೃತ್ತಿ ಬೇಡ. ಅದರ ಜೊತೆಗೆ ಗ್ಯಾರಿ ಸಿನೀಸ್ ಓದಿದ ಧ್ವನಿಪುಸ್ತಕ, ಮೂರು ಗಂಟೆಗೆ ತುಸು ಹೆಚ್ಚು. ಪುಟ ಮುಂದಿಟ್ಟುಕೊಂಡು ಕೇಳಿದರೆ ಕಾಗುಣಿತದ ಗೊಂದಲ ತಾನಾಗಿ ಬಿಡಿಸಿಕೊಳ್ಳುತ್ತದೆ. ಕಣ್ಣಿಗೆ ಕಗ್ಗಂಟಾದದ್ದು ಕಿವಿಗೆ ಸಲೀಸು. 1992ರ ಚಲನಚಿತ್ರವನ್ನು ನಿರ್ದೇಶಿಸಿ ಜಾರ್ಜ್ ಆಗಿ ನಟಿಸಿದವನೂ ಇವನೇ; ಅದರಲ್ಲಿ ಕ್ಯಾಂಡಿಯಾದ ರೇ ವಾಲ್‌ಸ್ಟನ್ ನೋಡಲೇಬೇಕಾದ ನಟ. ಚಿತ್ರ ಆಮೇಲೆ ನೋಡಿ, ಮೊದಲಲ್ಲ. ಫ್ಲೋರಾ ಫೌಂಟನ್ ಬಳಿಯ ಫುಟ್‌ಪಾತ್‌ನಲ್ಲಿ ಕೊಳ್ಳುವವರು ಮೂರು ಕಡೆ ಬಿಡಿಸಿ ನೋಡಬೇಕು: ಆರು ಭಾಗಗಳೂ ಹೊಸ ಪುಟದಿಂದ ಶುರುವಾಗಿವೆಯೇ, ನಡುವಿನ ಹೊಲಿಗೆಯ ಜಾಗದಲ್ಲಿ ಪುಟ ಹಾರಿದೆಯೇ, ಕೊನೆಯ ಪುಟ ಕಾರ್ಲ್‌ಸನ್‌ನ ಮಾತಿನಿಂದ ಮುಗಿಯುತ್ತದೆಯೇ. ಕೊನೆಯ ಹಾಳೆ ಕಿತ್ತುಹೋದ ಪ್ರತಿ ಎಷ್ಟು ಅಗ್ಗವಾದರೂ ಬೇಡ.

ಓದುಗರ ಕೂಟಕ್ಕೆ ಮೂರು ಸಂಜೆ ಹಿಡಿಸುತ್ತದೆ. ಮೊದಲ ಸಂಜೆ ಒಂದು ಮತ್ತು ಎರಡನೆಯ ಭಾಗ. ಎರಡನೆಯ ಸಂಜೆ ಮೂರನೆಯ ಭಾಗ ಮಾತ್ರ, ಕಾಗದ ಪೆನ್ಸಿಲಿನ ಜೊತೆ. ನಾಯಿಯ ಪ್ರಸಂಗದ ನಂತರ ಹತ್ತು ನಿಮಿಷ ಚಹಾ, ಆಮೇಲೆ ದುಡ್ಡಿನ ಲೆಕ್ಕ. ಮೂರನೆಯ ಸಂಜೆ ಉಳಿದ ಮೂರು. ಹತ್ತು ಹನ್ನೆರಡು ಜನಕ್ಕಿಂತ ಹೆಚ್ಚಾದರೆ ಮಾತು ಚದುರುತ್ತದೆ. ಕ್ಯಾಂಡಿಯ ಮಾತನ್ನು ಕನ್ನಡಕ್ಕೆ ತಿರುಗಿಸಿ ಹೇಳುವವರು ಅವನಿಗೆ ಒಂದೇ ಊರಿನ ಕನ್ನಡ ಕೊಡಬೇಕು. ಒಂದು ಸಾಲು ಧಾರವಾಡದ್ದು, ಇನ್ನೊಂದು ಕುಂದಾಪುರದ್ದು ಆದರೆ ಮನುಷ್ಯ ಒಡೆದುಹೋಗುತ್ತಾನೆ. ಕಾರ್ಲ್‌ಸನ್‌ಗೆ ಮಾತ್ರ ಅಚ್ಚುಕಟ್ಟಾದ ಶಿಷ್ಟ ಕನ್ನಡ ಕೊಟ್ಟರೆ ಅವನ ನಯದ ಕ್ರೌರ್ಯ ಎದ್ದು ಕೇಳಿಸುತ್ತದೆ.

ಅನುವಾದಿಸಿ ಅಚ್ಚು ಹಾಕಿಸುವ ಮನಸ್ಸಿರುವವರಿಗೆ ಒಂದು ಸೂಚನೆ. ಸ್ಟೈನ್‌ಬೆಕ್ ತೀರಿಕೊಂಡದ್ದು 1968ರಲ್ಲಿ. ಭಾರತದಲ್ಲಿ ಲೇಖಕ ತೀರಿದ ಮರುವರ್ಷದಿಂದ 60 ವರ್ಷ ಹಕ್ಕು ಉಳಿಯುತ್ತದೆ, ಅಂದರೆ 2028ರ ಡಿಸೆಂಬರ್ ಕೊನೆಯವರೆಗೆ. ಅಲ್ಲಿಯವರೆಗೆ ಪ್ರಕಟಣೆಗೂ ನಾಟಕ ಪ್ರಯೋಗಕ್ಕೂ ಅನುಮತಿ ಬೇಕು. ಮೂಲದಿಂದ ಮಿತವಾದ ಭಾಗಗಳನ್ನು ಸಭೆಯಲ್ಲಿ ಓದಿ ಹೇಳಲು ಕಾನೂನಿನ ಅಡ್ಡಿಯಿಲ್ಲ. ಎಲ್ಲಿಂದ ಶುರು ಮಾಡುವುದೆಂದು ಕೇಳಿದರೆ, ಗೋಡೆಗೆ ಮುಖಮಾಡಿ ಮಲಗಿದ್ದ ಮುದುಕ ಈಚೆಗೆ ತಿರುಗಿ ಆ ಜಾಗಕ್ಕೆ ಎಷ್ಟು ಕೇಳುತ್ತಾರೆ ಎನ್ನುವ ಸಾಲಿನಿಂದ.